ಮುಧೋಳ ಜೋಡಿಯ ಐದು ಸಾಲು

ಮುಂಬಯಿಯ ಸಯನ್‌ನ ನಮ್ಮ ಕಟ್ಟಡದಲ್ಲಿ ಬಾಗಲಕೋಟೆ ಕಡೆಯ ಹಿರಿಯರೊಬ್ಬರಿದ್ದಾರೆ. ತಮ್ಮ ಮುಧೋಳ ಹೆಣ್ಣುನಾಯಿಗೆ ಊರಲ್ಲೊಂದು ಗಂಡು ಗೊತ್ತುಮಾಡಿ, ವಿವರವನ್ನು ಐದು ಸಾಲಿನ ಚೀಟಿಯಲ್ಲಿ ಬರೆದು ನನ್ನ ಕೈಗಿತ್ತರು. “ಜೋಡಿ ಹೆಂಗೈತಿ, ನೋಡಿ ಹೇಳ್ರಿ” ಎಂದರು. ಆ ಸಾಲುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ.

“ಹೆಣ್ಣಿಗೆ ಮೂರು ವರ್ಷ, ಮೊದಲ ಸೂಲು.”

ವಯಸ್ಸು ಸರಿಯಾಗಿದೆ. ನಾಯಿಗಳ ತಳಿ ಬೆಳೆಸುವ ಮತ್ತು ಮಾರುವ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, 8 ವರ್ಷ ದಾಟಿದ ಮೇಲೂ ಇಲ್ಲ. ಜೀವಮಾನಕ್ಕೆ 5 ಸೂಲು ಮೀರಬಾರದು. ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಇನ್ನು ಗುಣ: ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅಪರಿಚಿತರು ಮುಟ್ಟಿದರೆ ಪಕ್ಕಕ್ಕೆ ಸರಿದು ನಿಲ್ಲುವುದು ಮುಧೋಳ ನಾಯಿಯ ಬಿಗುಮಾನ, ಅದು ತಳಿಯ ಲಕ್ಷಣವೇ. ಕುಕ್ಕರ್ ಸೀಟಿಗೆ ಮಂಚದಡಿ ಸೇರಿ ಊಟ ಬಿಡುವುದು ಭಯ. ಬಿಗುಮಾನ ಮರಿಗೆ ಬರಲಿ, ಭಯ ಬರಬಾರದು. ಈ ಹೆಣ್ಣು ಲಿಫ್ಟ್ ಸದ್ದಿಗೂ ಅಲುಗದೆ ನಿಲ್ಲುವುದನ್ನು ನಾನು ಕಂಡಿದ್ದೇನೆ.

“ಗಂಡೂ ನಮ್ಮದೇ ರಕ್ತ, ಹೆಣ್ಣಿನ ಅಪ್ಪನೇ ಗಂಡಿನ ಅಜ್ಜ.”

ಹಿರಿಯರು ಹೆಮ್ಮೆಯಿಂದ ಬರೆದ ಸಾಲು ಇದು. ನಾನು ತುಂಬ ಹೊತ್ತು ನಿಂತದ್ದೂ ಇಲ್ಲೇ. ಒಬ್ಬನೇ ಪೂರ್ವಜ ಎರಡೂ ಕಡೆಯಿಂದ ಬಂದಾಗ ಅವನಲ್ಲಿ ಅಡಗಿದ್ದ ದೋಷದ ಒಂದೇ ಪ್ರತಿ ಮರಿಗೆ ಎರಡೂ ಕಡೆಯಿಂದ ಇಳಿಯಬಹುದು. ಒಂದು ಪ್ರತಿ ಇದ್ದಾಗ ಕಾಣದ ದೋಷ ಎರಡಾದಾಗ ಕಾಯಿಲೆಯಾಗುತ್ತದೆ. ಯಾವುದೇ ಜೀನ್‌ನ ಎರಡೂ ಪ್ರತಿಗಳು ಹೀಗೆ ಒಂದೇ ಮೂಲದಿಂದ ಬರುವ ಸಾಧ್ಯತೆ ಒಡಹುಟ್ಟಿದವರನ್ನೇ ಕೂಡಿಸಿದರೆ 25%, ಇಲ್ಲಿ 6.25%. ಇದು ಚೀಟಿ ತೋರಿಸುವ ಲೆಕ್ಕ ಮಾತ್ರ. ಸೀಮಿತ ಪ್ರದೇಶದ ಕುರಿಗಾರರು, ರೈತರು ಉಳಿಸಿಕೊಂಡು ಬಂದ ತಳಿಯಲ್ಲಿ ಮೂರು ತಲೆಮಾರಿನಾಚೆಯೂ ಅದೇ ನಾಯಿಗಳು ಮತ್ತೆ ಸಿಗುತ್ತವೆ. ಹಾಗಾಗಿ ಈ ಗಂಡು ಬೇಡ. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ನಂಟಿಲ್ಲದ ಗಂಡನ್ನು ಹುಡುಕಲು ಅಲ್ಲಿ ವಿಚಾರಿಸಬೇಕು.

“ಇಬ್ಬರಿಗೂ ಕಾಯಿಲೆ ಇಲ್ಲ.”

ಕಾಣುವ ಕಾಯಿಲೆ ಇಲ್ಲ ಎಂದಷ್ಟೇ ಇದರ ಅರ್ಥ. ಬ್ರೂಸೆಲ್ಲಾ ಸೋಂಕು ಹೊರಗೆ ಏನೂ ತೋರದೆ ಕೂಡುವಾಗ ಹರಡುತ್ತದೆ, ಗರ್ಭ ಇಳಿಸುತ್ತದೆ, ಮನುಷ್ಯರಿಗೂ ತಗಲುತ್ತದೆ. ರಕ್ತ ಪರೀಕ್ಷೆ ಇಬ್ಬರಿಗೂ ಆಗಲೇಬೇಕು. ಎರಡು ವರ್ಷ ತುಂಬಿದ ಮೇಲೆ ತೆಗೆದ ಸೊಂಟದ ಎಕ್ಸ್‌ರೇ, ಕಣ್ಣು ಮತ್ತು ಹೃದಯದ ತಪಾಸಣೆ, ಉಣ್ಣಿಯ ಕಡಿತದಿಂದ ಬರುವ ಜ್ವರದ ಪರೀಕ್ಷೆ ಇವೂ ಬೇಕು. ಪರೇಲ್‌ನ ಪಶುವೈದ್ಯ ಕಾಲೇಜು ಸಯನ್‌ಗೆ ದೂರವೇನಲ್ಲ.

“ಗಂಡು ಪ್ರದರ್ಶನದಲ್ಲಿ ಬಹುಮಾನ ಪಡೆದದ್ದು.”

ಬಹುಮಾನ ಆ ಒಂದು ನಾಯಿಗೆ ಬಂದದ್ದು. ನಾವು ತೂಗಬೇಕಾದದ್ದು ಜೋಡಿಯನ್ನು. ಹೆಣ್ಣನ್ನು ಅಂಗಳದ ಸಿಮೆಂಟಿನ ಮೇಲೆ ನಡೆಸಿ ಹಿಂದಿನಿಂದ ನೋಡಿದೆ. ಎದೆ ಆಳವಾಗಿದೆ, ಹೊಟ್ಟೆ ಚೆನ್ನಾಗಿ ಒಳಸೇರಿದೆ. ಆದರೆ ಹಿಂಗಾಲುಗಳ ಕೀಲು ಒಂದಕ್ಕೊಂದು ಹತ್ತಿರ ಬಂದು ಪಾದಗಳು ಹೊರಗೆ ತಿರುಗುತ್ತವೆ. ಓಡುವುದಕ್ಕೇ ಹುಟ್ಟಿದ ತಳಿಗೆ ಇದು ಸಣ್ಣ ಕೊರತೆಯಲ್ಲ. ಗಂಡಿನ ಹಿಂಗಾಲು ನೆಟ್ಟಗಿರಬೇಕು, ಅವನ ಒಡಹುಟ್ಟಿದವುಗಳದ್ದೂ ನೆಟ್ಟಗಿರಬೇಕು. ಹಲ್ಲುಗಳ ಜೋಡಣೆ, ಎರಡೂ ವೃಷಣ ಕೆಳಗಿಳಿದಿವೆಯೇ ಎಂಬುದು, ಇವನ್ನೂ ಕಣ್ಣಾರೆ ನೋಡಬೇಕು.

“ಮಾರ್ಚ್ ಕೊನೆಗೆ ಕೂಡಿಸೋದು, ಮರಿಗೆ ನಾಲ್ಕು ಮಂದಿ ಕೇಳ್ಯಾರ.”

ಗರ್ಭ ಸುಮಾರು 63 ದಿನ. ಮೇ ಕೊನೆಗೆ ಮರಿ ಹುಟ್ಟಿದರೆ, 8 ವಾರ ತಾಯಿಯ ಜೊತೆ ಇರಬೇಕಾದ ಕಾಲವೆಲ್ಲ ಜೂನ್, ಜುಲೈ ಮಳೆಗೆ ಸಿಗುತ್ತದೆ. ಒಣಗದ ಬಟ್ಟೆ, ತೇವದ ನೆಲ, ಎರಡು ಕೋಣೆಯ ಮನೆ. ಹೆರಿಗೆ ಕಷ್ಟವಾದರೆ ಹೆಣ್ಣಿಗೆ ಸಿಸೇರಿಯನ್ ಬೇಕಾಗಬಹುದು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ಓಟದ ನಾಯಿಗಳು ಥಯೋಪೆಂಟಾಲ್ ಅರಿವಳಿಕೆಯಿಂದ ಎಚ್ಚರಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಇದನ್ನು ಬಲ್ಲ ವೈದ್ಯರನ್ನು ಮೊದಲೇ ಗೊತ್ತುಮಾಡಿರಬೇಕು. ನಾಲ್ಕು ಮಂದಿ ಕೇಳಿದ್ದಾರೆ, ಆದರೆ ಮರಿ ಏಳು ಹುಟ್ಟಿದರೆ? ಕೇಳಿದ ನಾಲ್ವರೂ ಆರಿಸಿಕೊಳ್ಳುವುದು ಗಟ್ಟಿಮುಟ್ಟಾದ ಮರಿಗಳನ್ನೇ. ಯಾರೂ ಆರಿಸದ ಮರಿ ಹೇಗೆ ಹುಟ್ಟುತ್ತದೆ, ಯಾರ ಮನೆಯಲ್ಲಿ ಮುಪ್ಪಾಗುತ್ತದೆ ಎಂಬುದರಲ್ಲೇ ಒಂದು ಜೋಡಿಯ ನಿಜವಾದ ಬೆಲೆ ತಿಳಿಯುವುದು.

ಚೀಟಿಯ ಕೆಳಗೆ ನನ್ನ ಅಭಿಪ್ರಾಯ ಬರೆದು ಹಿಂದಿರುಗಿಸಿದೆ: ಹೆಣ್ಣು ಒಳ್ಳೆಯದು, ಪರೀಕ್ಷೆಗಳು ಆಗಲಿ. ಗಂಡು ಬೇರೆಯದಾಗಲಿ. ಈ ಬೆದೆ ಬಿಟ್ಟು, ಮಳೆ ನಿಂತ ಮೇಲೆ ಬರುವ ಬೆದೆಗೆ ಕಾಯೋಣ. ಅಷ್ಟರಲ್ಲಿ ಇನ್ನೂ ಮೂರು ಮನೆ ಹುಡುಕೋಣ, ಒಂದನ್ನು ನಾನೇ ಹುಡುಕುತ್ತೇನೆ.