ಮರೆತು ಬಿಟ್ಟ ಗಾಳ

ಕನ್ನಡದಲ್ಲಿ ‘ಗಾಳ ಹಾಕುವುದು’ ಎಂದರೆ ಮೀನು ಹಿಡಿಯುವುದಷ್ಟೇ ಅಲ್ಲ ಎಂಬುದು ಕಾಲೇಜಿನ ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತು. ಹುಡುಗಿಯ ಹಿಂದೆ ಅಲೆಯುವವನು ಗಾಳ ಹಾಕುತ್ತಿರುತ್ತಾನೆ, ಅವಳು ಒಪ್ಪಿದರೆ ಗಾಳಕ್ಕೆ ಬಿದ್ದಳು. ಈ ನುಡಿಗಟ್ಟಿನ ಎರಡೂ ಅರ್ಥಗಳನ್ನು ಒಂದೇ ದೋಣಿಯಲ್ಲಿ ಕೂರಿಸಿದಂತಿರುವ ಅಮೆರಿಕದ ಕತೆಯೊಂದಿದೆ: ಡಬ್ಲ್ಯು. ಡಿ. ವೆದರೆಲ್ ಅವರ ‘ದ ಬಾಸ್, ದ ರಿವರ್, ಆ್ಯಂಡ್ ಶೀಲಾ ಮ್ಯಾಂಟ್’. 1985ರ ‘ದ ಮ್ಯಾನ್ ಹೂ ಲವ್ಡ್ ಲೆವಿಟೌನ್’ ಸಂಕಲನದಲ್ಲಿ ಬಂದ ಈ ಕತೆ ಅಲ್ಲಿನ ಶಾಲಾ ಪಠ್ಯಗಳಲ್ಲೂ ಸೇರಿದೆ. ಅದರಿಂದ ಕತೆಗೆ ಓದುಗರು ಸಿಕ್ಕರು, ಜೊತೆಗೆ ಒಂದು ನೀತಿಯೂ ಅಂಟಿಕೊಂಡಿತು.

ಕತೆ ಚಿಕ್ಕದು. ಹದಿನಾಲ್ಕರ ಹುಡುಗ, ಬೇಸಿಗೆ ರಜೆ, ಮನೆಯ ಮುಂದೆಯೇ ನದಿ. ಪಕ್ಕದ ಮನೆಗೆ ಬಾಡಿಗೆಗೆ ಬಂದವರ ಮಗಳು ಶೀಲಾ, ಹದಿನೇಳರವಳು. ಹುಡುಗನಿಗೆ ಎರಡೇ ಹುಚ್ಚು, ಒಂದು ಶೀಲಾ, ಇನ್ನೊಂದು ಬಾಸ್ ಮೀನು. ಬೇಸಿಗೆ ಮುಗಿಯುವ ಆಗಸ್ಟ್ ಕೊನೆಗೆ ಹೇಗೋ ಧೈರ್ಯ ಮಾಡಿ ಅವಳನ್ನು ಸಂಗೀತ ಕಾರ್ಯಕ್ರಮಕ್ಕೆ ಕರೆಯುತ್ತಾನೆ. ದೋಣಿಯಲ್ಲಿ ಹೋಗಬೇಕು. ಹೊರಡುವ ಮುಂಚೆ, ಬರೀ ಅಭ್ಯಾಸಬಲದಿಂದ, ಗಾಳದ ಕೋಲನ್ನು ದೋಣಿಯ ಹಿಂಬದಿಗೆ ಸಿಕ್ಕಿಸಿ ದೊಡ್ಡದೊಂದು ರಾಪಾಲಾ ಕಟ್ಟಿ ನೀರಿಗಿಳಿಬಿಟ್ಟು ಮರೆತುಬಿಡುತ್ತಾನೆ. ದೋಣಿ ಹತ್ತಿದ ಶೀಲಾ ಮೀನು ಹಿಡಿಯುವುದು ಪೆದ್ದು ಕೆಲಸ ಅನ್ನುತ್ತಾಳೆ. ಆಮೇಲೆ ಅವನ ಜೀವಮಾನದ ಅತಿ ದೊಡ್ಡ ಬಾಸ್ ಗಾಳ ಕಚ್ಚುತ್ತದೆ. ಅವಳಿಗೆ ತಿಳಿಯದಂತೆ ಅವನು ಅದನ್ನು ಎಳೆದುಕೊಂಡೇ ಹುಟ್ಟು ಹಾಕುತ್ತಾನೆ, ಕಡೆಗೆ ಚಾಕುವಿನಿಂದ ದಾರ ಕತ್ತರಿಸುತ್ತಾನೆ. ಶೀಲಾ ಆ ರಾತ್ರಿ ಬೇರೊಬ್ಬನ ಕಾರಿನಲ್ಲಿ ಮನೆಗೆ ಹೋಗುತ್ತಾಳೆ.

ಇದರಿಂದ ಪಾಠ ತೆಗೆಯುವುದು ಸುಲಭ. ಪೊಳ್ಳು ಹುಡುಗಿಗಾಗಿ ನಿನ್ನ ನಿಜವಾದ ಒಲವನ್ನು ಬಿಡಬೇಡ. ನಿರೂಪಕನೂ ಕೊನೆಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ನನಗೆ ಆ ಕೊನೆಯ ಮಾತು ಕತೆಗಿಂತ ಸಣ್ಣದು ಅನ್ನಿಸುತ್ತದೆ. ಕತೆಗೆ ತಿಳಿದಿರುವ ಇನ್ನೂ ಹೆಚ್ಚಿನ ಸಂಗತಿ ಆ ರಾಪಾಲಾದಲ್ಲಿದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇಂಥ ವಸ್ತುಗಳನ್ನು ಕಂಡ ತಕ್ಷಣ ‘ಸಂಕೇತ’ ಎಂದು ಬರೆದುಕೊಂಡು ಮುಂದೆ ಹೋಗುತ್ತೇವೆ. ಅದು ಏನು, ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವುದಿಲ್ಲ.

ನಮ್ಮಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುತ್ತೇವೆ. ‘ಎರೆ’ ಅಂದರೇ ಮೀನಿಗೆ, ಹಕ್ಕಿಗೆ ಒಡ್ಡುವ ತಿನಿಸು. ಮೋಸವಿದೆ ನಿಜ, ಆದರೆ ಹುಳುವಂತೂ ನಿಜವಾದದ್ದು. ಲೂರ್ ಹಾಗಲ್ಲ. ಅದರಲ್ಲಿ ತಿನ್ನುವಂಥದ್ದೇನೂ ಇಲ್ಲ, ಅದೊಂದು ಹುಸಿಮೀನು, ಆಕಾರ ಮತ್ತು ಚಲನೆ ಅಷ್ಟೇ. ಹಾಗಾಗಿ ಅದನ್ನು ಆರಿಸುವವನು ಮೀನಿನ ಮನಸ್ಸನ್ನು ಊಹಿಸಬೇಕು. ಬೇಸಿಗೆಯ ಬಿಸಿಲಿಗೆ ಬಾಸ್ ಆಳಕ್ಕೋ ನೆರಳಿಗೋ ಸರಿದು ಮಂಕಾಗಿರುತ್ತದೆ. ಮಧ್ಯಾಹ್ನ ಹಿಡಿಯಬೇಕೆಂದರೆ ಆಳದಲ್ಲಿ ನಿಧಾನಕ್ಕೆ ಚಲಿಸುವ, ಪ್ಲಾಸ್ಟಿಕ್ ಹುಳುವಿನಂಥ ಲೂರ್ ಬೇಕು. ಹೊತ್ತು ಮುಳುಗುವಾಗ ಅದು ದಡದ ಕಡೆಗೆ, ಮೇಲ್ನೀರಿಗೆ ಬೇಟೆಗೆ ಬರುತ್ತದೆ, ಆಗ ಮೇಲುಮೇಲೆ ಈಜುವಂಥದು ಸಾಕು. ವೆದರೆಲ್ ನದಿ ಮತ್ತು ಮೀನುಗಾರಿಕೆಯ ಬಗ್ಗೆ ಪುಸ್ತಕ ಬರೆದವರು, ಕತೆಯ ಹೊತ್ತನ್ನು ಸುಮ್ಮನೆ ಇಟ್ಟಿಲ್ಲ. ಆಗಸ್ಟಿನ ಕತ್ತಲಲ್ಲಿ, ಮೆಲ್ಲಗೆ ಸಾಗುವ ದೋಣಿಯ ಹಿಂದೆ ಎಳೆದುಕೊಂಡು ಬರುವ ಹುಸಿಮೀನಿಗೆ ದೊಡ್ಡ ಬಾಸ್ ಕಚ್ಚುವುದು ಆಕಸ್ಮಿಕವಲ್ಲ.

ರಾಪಾಲಾಕ್ಕೆ ಒಂದು ಚರಿತ್ರೆಯಿದೆ. ಫಿನ್‌ಲ್ಯಾಂಡಿನ ಬಡ ಮೀನುಗಾರ ಲೌರಿ ರಾಪಾಲಾ ಬೇಟೆಮೀನುಗಳನ್ನು ಗಮನಿಸುತ್ತಿದ್ದ. ಮರಿಮೀನುಗಳ ಹಿಂಡು ಹೋಗುವಾಗ ಅವು ನುಗ್ಗುತ್ತಿದ್ದದ್ದು ಗಾಯಗೊಂಡು ಓಲಾಡುವ, ಹಿಂಡಿನಿಂದ ಬೇರೆಯಾಗಿ ಕಾಣುವ ಮರಿಯ ಮೇಲೆ. 1936ರಲ್ಲಿ ಅವನು ಬೆಂಡಿನ ತೊಗಟೆ ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಕರಗಿಸಿದ ಫೋಟೋ ನೆಗೆಟಿವ್ ಬಳಿದು, ಆ ಓಲಾಟವನ್ನೇ ಅನುಕರಿಸುವ ಲೂರ್ ಮಾಡಿದ. ಅಮೆರಿಕದಲ್ಲಿ ಅದು ಮನೆಮಾತಾದದ್ದು 1962ರ ಆಗಸ್ಟಿನಲ್ಲಿ, ‘ಲೈಫ್’ ಪತ್ರಿಕೆಯ ಲೇಖನದಿಂದ. ತೀರಿಕೊಂಡ ಮರಿಲಿನ್ ಮನ್ರೋ ಮುಖಪುಟದಲ್ಲಿದ್ದ ಆ ಸಂಚಿಕೆಯನ್ನು ಲಕ್ಷಾಂತರ ಜನ ಕೊಂಡಿದ್ದರು. ಮನ್ರೋ ಮತ್ತು ಹುಸಿಮೀನು ಒಂದೇ ರಟ್ಟಿನೊಳಗೆ. (ಯಾವ ಕತೆಗಾರನಾದರೂ ಇದನ್ನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.)

ಈಗ ಕತೆಗೆ ಮರಳಿದರೆ ಹುಡುಗನ ಅವಸ್ಥೆ ಬೇರೆಯಾಗಿ ಕಾಣುತ್ತದೆ. ಶೀಲಾಳಿಗಾಗಿ ಅವನು ಆರಿಸಿದ ಲೂರ್‌ಗಳೆಲ್ಲ ಬಲದ ಪ್ರದರ್ಶನಗಳು: ಅವಳೆದುರು ಈಜುವ ಸುತ್ತುಗಳು, ದಿನವಿಡೀ ತಿಕ್ಕಿ ಹೊಳಪಿಟ್ಟ ದೋಣಿ, ಒರಗಲು ದಿಂಬು, ರೇಡಿಯೋ. ಒಂದೂ ಕಚ್ಚಲಿಲ್ಲ. ಅವನು ಆರಿಸದೆ, ಯೋಚಿಸದೆ, ಮರೆತು ಬಿಟ್ಟದ್ದು ಮಾತ್ರ ಕಚ್ಚಿಸಿಕೊಂಡಿತು, ಅದೂ ಗಾಯಗೊಂಡಂತೆ ನಟಿಸಿ. ಇನ್ನೂ ಒಂದು ಸೂಕ್ಷ್ಮವಿದೆ. ಹೀಗೆ ದೋಣಿಯ ಹಿಂದೆ ಬಿಟ್ಟ ಲೂರಿಗೆ ತನ್ನದೇ ಜೀವವಿಲ್ಲ. ದೋಣಿ ಚಲಿಸಿದರೆ ಮಾತ್ರ ಅದು ಓಲಾಡುತ್ತದೆ, ನಿಂತರೆ ಬರೀ ಕಟ್ಟಿಗೆ. ಶೀಲಾಳನ್ನು ಕೂರಿಸಿಕೊಂಡು ಹಾಕಿದ ಒಂದೊಂದು ಹುಟ್ಟೇ ಆ ಹುಸಿಮೀನಿಗೆ ಜೀವ ಕೊಟ್ಟಿದ್ದು. ಶೀಲಾ ಇಲ್ಲದಿದ್ದರೆ ಈ ಬಾಸೂ ಇಲ್ಲ. ‘ಹುಡುಗಿಯೋ ಮೀನೋ’ ಎಂದು ಎರಡು ತಕ್ಕಡಿಯಲ್ಲಿಡುವ ಓದು ಇಲ್ಲಿ ಮುರಿದುಬೀಳುತ್ತದೆ, ಎರಡೂ ಒಂದೇ ದಾರದಲ್ಲಿವೆ.

ಇದರಲ್ಲಿ ಶೀಲಾಳ ಗತಿಯೇನು? ಕತೆಯ ಆರಂಭದಲ್ಲಿ ಹುಡುಗ ಅವಳ ಭಂಗಿಗಳನ್ನು ಪಟ್ಟಿ ಮಾಡುತ್ತಾನೆ. ನೀರಿನ ತೆಪ್ಪದ ಮೇಲೆ ಅಂಗಾತ ಮಲಗಿದ್ದರೆ ಮಾತಾಡಿಸಬಾರದು, ಕಾಲು ಮಡಚಿ ಎದ್ದು ಕೂತಿದ್ದರೆ ಹತ್ತಿರ ಹೋಗಬಹುದು. ಇದು ಅಪ್ಪಟ ಗಾಳಗಾರನ ನೋಟ. ನೀರಿನ ಬಣ್ಣ, ನೆರಳು, ಹೊತ್ತು ನೋಡಿ ಮೀನಿನ ಮರ್ಜಿ ಓದುವವನು ಹುಡುಗಿಯನ್ನೂ ಹಾಗೇ ಓದುತ್ತಿದ್ದಾನೆ. ದೋಣಿಯಲ್ಲಿ ಅವಳು ಬಾಯಿಬಿಟ್ಟಾಗ ಬರುವುದು ಆ್ಯನ್-ಮಾರ್ಗರೆಟ್‌ಳ ಕೂದಲು, ತಾನು ಮಾಡೆಲ್ ಆಗಬಹುದೇ ಎಂಬ ಪ್ರಶ್ನೆ. ನಾವು ನಗುತ್ತೇವೆ, ಲೇಖಕರಿಗೆ ಬೇಕಾದದ್ದೂ ಅದೇ. ಆದರೆ ಆ ಮಾತುಗಳನ್ನು ಇನ್ನೊಮ್ಮೆ ಓದಿ. ಹದಿನೇಳರ ಹುಡುಗಿ ತನ್ನ ಕೂದಲು, ತನ್ನ ಮೈಕಟ್ಟು ಯಾರ ಕಣ್ಣಿಗೆ ಹೇಗೆ ಹೊಳೆದೀತು ಎಂದು ಅಳೆಯುತ್ತಿದ್ದಾಳೆ. ಅವಳೂ ಲೂರ್ ಆರಿಸುತ್ತಿದ್ದಾಳೆ, ಆರಿಸಬೇಕಾದ ಲೋಕದಲ್ಲಿದ್ದಾಳೆ. ತನ್ನ ಗಾಳವನ್ನು ಅಷ್ಟು ಬಲ್ಲ ಹುಡುಗನಿಗೆ ಅವಳ ಕೈಯಲ್ಲಿರುವುದೂ ಗಾಳವೇ ಎಂದು ಹೊಳೆಯುವುದಿಲ್ಲ. ವರ್ಷಗಳ ನಂತರ ಕತೆ ಹೇಳುತ್ತಿರುವ ದೊಡ್ಡವನಿಗೂ ಹೊಳೆದಂತಿಲ್ಲ. ಇದು ಕತೆಯ ಕೊರತೆ, ಸಣ್ಣದಲ್ಲ.

ಗಾಳ ಹಿಡಿದ ಲೇಖಕ ಎಂದರೆ ನಮಗೆ ಥಟ್ಟನೆ ನೆನಪಾಗುವವರು ತೇಜಸ್ವಿ. ಅವರ ಬರವಣಿಗೆಯ ರುಚಿ ಹತ್ತಿದವರಿಗೆ ವೆದರೆಲ್‌ರ ಬಾಸ್ ಸ್ವಲ್ಪ ನಿರಾಸೆ ತರಬಹುದು. ಅದು ಕಡೆಯವರೆಗೂ ಕತ್ತಲಲ್ಲಿ ಎಳೆಯುವ ಒಂದು ಭಾರವಾಗಿಯೇ ಉಳಿಯುತ್ತದೆ, ಕಣ್ತುಂಬ ನೋಡಲು ಸಿಗುವುದೇ ಇಲ್ಲ. ನನಗೆ ಮಾತ್ರ ಆ ಕಾಣದ ಎಳೆತವೇ ಕತೆಯ ಅತ್ಯುತ್ತಮ ಭಾಗ. ಕೋಲು ಬಾಗುತ್ತದೆ, ಹುಡುಗ ಒಂದು ಕಿವಿಯಿಂದ ಅವಳ ಮಾತು, ಇನ್ನೊಂದರಿಂದ ಹಿಂದಿನ ನೀರನ್ನು ಕೇಳಿಸಿಕೊಳ್ಳುತ್ತಾನೆ. ಯಾರು ಯಾರನ್ನು ಹಿಡಿದಿದ್ದಾರೆ ಎಂದು ಹೇಳಲಾಗದ ಆ ಕೆಲವು ಪುಟಗಳಿಗಾಗಿ ಕತೆಯ ಉಳಿದ ತಪ್ಪುಗಳನ್ನು ನಾನು ಮನ್ನಿಸಬಲ್ಲೆ.

ಆಮೇಲೆ ಚಾಕು. ಹುಡುಗನ ಹೊಟ್ಟೆ ತೊಳಸುವ ಸಂಕಟ ನಮಗೆ ತಲುಪುತ್ತದೆ, ಶೀಲಾ ಎಲ್ಲಿಗೆ, ಯಾರ ಜೊತೆ ಹೋದಳು ಎಂಬುದೂ ತಿಳಿಯುತ್ತದೆ. ಮೀನಿನ ಕತೆ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಕತ್ತರಿಸಿದ್ದು ದೋಣಿಯ ಬಳಿಯ ದಾರವನ್ನು. ಮೀನಿನ ದವಡೆಯಲ್ಲಿ ಆ ದೊಡ್ಡ ರಾಪಾಲಾ ಇನ್ನೂ ಇದೆ, ಅದರ ಮುಮ್ಮೊನೆಯ ಕೊಕ್ಕೆಗಳಿವೆ, ಹಿಂದೆ ಮಾರುಗಟ್ಟಲೆ ದಾರವಿದೆ.