ಹಾಡಿನ ಬಾಲ

ನಾನು ಸೊಸೆಯಾಗಿ ರಾಣೆಬೆನ್ನೂರಿಗೆ ಬಂದದ್ದು 1986ರಲ್ಲಿ. ಆಗ ಹಾಡು ತುಂಬಿಸಿಕೊಡುವ ಕ್ಯಾಸೆಟ್ ಅಂಗಡಿಗಳ ಕಾಲ. ತುಂಬಿಸುವುದು ಎಂದರೆ ಏನು ಎಂದು ಈಗಿನ ಹುಡುಗಿಯರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಖಾಲಿ ಕ್ಯಾಸೆಟ್ ಒಂದನ್ನು ಕೊಂಡು, ಬೇಕಾದ ಹಾಡುಗಳ ಹೆಸರನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಟ್ಟರೆ, ನಾಲ್ಕು ದಿನ ಬಿಟ್ಟು ಆ ಹಾಡುಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಕೂತು ಮನೆಗೆ ಬರುತ್ತಿದ್ದವು. ನನ್ನ ಪಟ್ಟಿಯಲ್ಲಿ ರಾಜನ್-ನಾಗೇಂದ್ರ ಅವರದೇ ಹೆಚ್ಚು. 1973ರ 'ಗಂಧದ ಗುಡಿ', 1974ರ 'ಎರಡು ಕನಸು', 1976ರ 'ನಾ ನಿನ್ನ ಮರೆಯಲಾರೆ', ಇವುಗಳ ಹಾಡುಗಳಿಲ್ಲದೆ ನನಗೆ ಸಂಜೆಯೇ ಆಗುತ್ತಿರಲಿಲ್ಲ.

60 ನಿಮಿಷದ ಕ್ಯಾಸೆಟ್ ಎಂದರೆ ಒಂದು ಬದಿಗೆ 30 ನಿಮಿಷ. ಹಾಡೊಂದಕ್ಕೆ ನಾಲ್ಕು ನಿಮಿಷ ಹಿಡಿದರೆ ಏಳು ಹಾಡಿಗೆ 28 ನಿಮಿಷ, ಉಳಿಯುವುದು ಎರಡೇ ನಿಮಿಷ. ಆದರೆ ನನ್ನ ಕ್ಯಾಸೆಟ್ಟಿನಲ್ಲಿ ಎಂಟು ಹಾಡುಗಳಿದ್ದವು! ಅಂಗಡಿಯವನು ಎಂಥ ಜಾಣ, ಎಷ್ಟು ಒಳ್ಳೆಯವ ಎಂದು ಮನೆಯವರ ಮುಂದೆ ಹೊಗಳಿದ್ದೂ ಹೊಗಳಿದ್ದೇ. ಅವನ ಜಾಣತನದ ಲೆಕ್ಕ ನನಗೆ ತಿಳಿದದ್ದು ಎರಡು ವರ್ಷದ ಮೇಲೆ. ಏಳು ಹಾಡುಗಳ ಕೊನೆಯಿಂದ ಇಪ್ಪತ್ತಿಪ್ಪತ್ತು ಸೆಕೆಂಡು ಕತ್ತರಿಸಿದರೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ಮಿಗುತ್ತದೆ. ಮೊದಲೇ ಉಳಿದಿದ್ದ ಎರಡು ನಿಮಿಷಕ್ಕೆ ಅದನ್ನು ಕೂಡಿಸಿದರೆ ಎಂಟನೆಯ ಹಾಡಿಗೆ ಜಾಗ ಆಯಿತು.

ತಿಳಿಸಿಕೊಟ್ಟವಳು ನನ್ನ ಮಗಳು. 1988ರಲ್ಲಿ ಹುಟ್ಟಿದ ಅವಳನ್ನು ತೊಟ್ಟಿಲಲ್ಲಿ ಹಾಕಿ, ಟೇಪ್‌ರೆಕಾರ್ಡರ್ ಹಚ್ಚಿ, ನಾನು ಅಡಿಗೆ ಮನೆಗೆ ಹೋಗುತ್ತಿದ್ದೆ. ಹಾಡು ನಡೆದಿರುವ ತನಕ ಕೂಸು ಕಣ್ಣು ಮುಚ್ಚಿಕೊಂಡು ಬರುವುದು. ಹಾಡು 'ಟಕ್' ಎಂದು ಕಡಿದು ಇನ್ನೊಂದು ಶುರುವಾಗುವ ಹೊತ್ತಿಗೆ ಬೆಚ್ಚಿ ಎದ್ದು ಅಳುವುದು. ಮೂರು ದಿನ ನೋಡಿದ ಅತ್ತೆ ನಾಲ್ಕನೆಯ ದಿನ ಟೇಪ್‌ರೆಕಾರ್ಡರ್ ಆರಿಸಿ, ತಾವೇ ತೊಟ್ಟಿಲ ಹಗ್ಗ ಹಿಡಿದು ಕೂತರು.

"ಹಾಡಿನ ಬಾಲಾ ಕಡದಾರಲ್ಲವಾ! ಕೂಸಿಗೆ ತಿಳದೈತಿ, ನಿನಗ ತಿಳೀಲಿಲ್ಲ" ಎಂದರು.

ಆ ಬಾಲದ ಬಗ್ಗೆ ನಾನು ಯೋಚನೆ ಮಾಡಲು ತೊಡಗಿದ್ದು ಅವತ್ತಿನಿಂದ.

ನೀವೂ ಗಮನಿಸಿರುತ್ತೀರಿ. ಹಾಡು ಮುಗಿಯುವುದು ಎರಡು ಬಗೆ. ಒಂದು, ಹಾಡುವವರು ಪಲ್ಲವಿಗೆ ಮರಳಿ ಬಂದು, ವಾದ್ಯಗಳೆಲ್ಲ ಒಮ್ಮೆಗೇ ನಿಂತು, ಮುಗಿಯಿತು ಎಂದು ಹೇಳಿ ಮುಗಿಸುವುದು. ಇನ್ನೊಂದು, ಅದೇ ಸಾಲು ಮತ್ತೆ ಮತ್ತೆ ಬರುತ್ತ, ದನಿ ಸಣ್ಣದಾಗುತ್ತ ಆಗುತ್ತ, ಯಾವ ಕ್ಷಣದಲ್ಲಿ ಇಲ್ಲವಾಯಿತೋ ತಿಳಿಯದ ಹಾಗೆ ಇಲ್ಲವಾಗುವುದು. ಸ್ಟುಡಿಯೋದವರು ಇದಕ್ಕೆ ಫೇಡ್‌ಔಟ್ ಎನ್ನುತ್ತಾರೆ. ಸಿನಿಮಾದ ಯುಗಳ ಗೀತೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿಲ್ಲ! ತೆರೆಯ ಮೇಲೆ ಇಬ್ಬರೂ ಕೈ ಹಿಡಿದು ಮರಗಳ ನಡುವೆ ದೂರ ದೂರ ಹೋಗುತ್ತಾರೆ, ಹಾಡೂ ಅವರ ಹಿಂದೆ ಹೋಗುತ್ತದೆ, ನಾವು ಕುರ್ಚಿಯಲ್ಲಿ ಉಳಿಯುತ್ತೇವೆ. ಇದರಲ್ಲಿ ಹಾಡುವವರ ಕೈವಾಡವೇನೂ ಇಲ್ಲ. ವಾದ್ಯದವರು ನುಡಿಸುತ್ತಲೇ ಇರುತ್ತಾರೆ. ಧ್ವನಿಮುದ್ರಣ ಮಾಡುವವನು ಒಂದು ಹಿಡಿಯನ್ನು ನಿಧಾನವಾಗಿ ಕೆಳಗೆ ಎಳೆಯುತ್ತಾನೆ, ಅಷ್ಟೆ.

ಅಷ್ಟೆ ಎನ್ನುವ ಕಾರಣಕ್ಕೇ ಬಲ್ಲವರಿಗೆ ಇದರ ಮೇಲೆ ತಾತ್ಸಾರ. ತವರಿನಲ್ಲಿ ನನಗೆ ಸಂಗೀತ ಹೇಳಿಕೊಟ್ಟ ಮಾಸ್ತರರು ಹೇಳುತ್ತಿದ್ದರು: "ಹಾಡು ಮುಗಸೂದಂದ್ರ ಬಾವಿಗೆ ಬಿಟ್ಟ ಕೊಡಾ ಮ್ಯಾಲ ತಂದು ಕಟ್ಟಿ ಮ್ಯಾಲ ಇಟ್ಟಂಗ. ಈ ಸಿನಿಮಾದವರು ಹಗ್ಗಾನ ಕೈ ಬಿಡ್ತಾರ." ಅವರ ಮಾತು ತೆಗೆದುಹಾಕುವಂಥದಲ್ಲ. ನಮ್ಮ ಸೀಮೆ ಸಂಗೀತದಲ್ಲಿ ಸಣ್ಣ ಸೀಮೆಯೇನೂ ಅಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಪುಟ್ಟರಾಜ ಗವಾಯಿಗಳು ಹಾವೇರಿ ತಾಲೂಕಿನ ದೇವಗಿರಿಯಲ್ಲಿ. ಗಂಗೂಬಾಯಿಯವರು ಹಾನಗಲ್ಲನ್ನು ಹೆಸರಿನ ಜೊತೆಗೇ ಲೋಕಕ್ಕೆಲ್ಲ ಒಯ್ದರು. ಆ ಸಂಗೀತದಲ್ಲಿ ಮುಗಿಸುವುದು ಒಂದು ವಿದ್ಯೆ. ಒಂದೇ ತುಣುಕನ್ನು ಮೂರು ಸಲ ಹೇಳಿ, ಮೂರನೆಯದರ ಕೊನೆಯ ಅಕ್ಷರ ತಾಳದ ಸಮ್ ಮೇಲೆ ಕರಾರುವಾಕ್ಕಾಗಿ ಬಂದು ಬೀಳುವ ತಿಹಾಯಿಯನ್ನು ಕೇಳಿದವರಿಗೆ ಮಾಸ್ತರರ ಸಿಟ್ಟು ಅರ್ಥವಾಗುತ್ತದೆ.

ಆದರೆ ಅತ್ತೆಯ ಜೋಗುಳ ಕೇಳಿದ ಮೇಲೆ ನನಗೆ ಬೇರೊಂದು ಅರ್ಥವಾಯಿತು. ಜೋಗುಳಕ್ಕೆ ತಿಹಾಯಿ ಇಲ್ಲ. ಜೋಗುಳ ಹಾಡುವವಳು ಸಮ್ ಮೇಲೆ ಬಂದು ನಿಂತಳೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ಅತ್ತೆ ಹಾಡು ಶುರು ಮಾಡುವಾಗ ಪಡಸಾಲೆಯ ತುಂಬ ಕೇಳುವ ದನಿ. ಕೂಸಿನ ಕಣ್ಣೆವೆ ಭಾರವಾದಂತೆ ದನಿ ತೊಟ್ಟಿಲ ಸುತ್ತಿಗೆ ಇಳಿಯುವುದು. ಆಮೇಲೆ ಮಾತು ಬಿಟ್ಟುಹೋಗಿ ಬರೀ ಸೊಲ್ಲು, ಸೊಲ್ಲೂ ಹೋಗಿ ಗುಂಯ್ ಎನ್ನುವ ನಾದ, ನಾದವೂ ಹೋಗಿ ತೊಟ್ಟಿಲ ಹಗ್ಗದ ಕಿರ್ ಸದ್ದು, ಕಡೆಗೆ ಕೈಯೂ ಸುಮ್ಮನೆ. ಹಾಡು ಯಾವಾಗ ಮುಗಿಯಿತು? ಕೂಸಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದೇ ಇಡೀ ಹಾಡಿನ ಉದ್ದೇಶ. ಸ್ಟುಡಿಯೋದ ಹಿಡಿ ಹುಟ್ಟುವ ಮೊದಲೇ ಈ ಮುಕ್ತಾಯ ನಮ್ಮ ಹೆಂಗಸರ ಗಂಟಲಿನಲ್ಲಿತ್ತು. ಮಾಸ್ತರರು ಕಚೇರಿಗಳಲ್ಲಿ ಹಾಡಿದವರು. ಕೂಸು ಮಲಗಿಸುವ ಕೆಲಸ ಅವರ ಪಾಲಿಗೆ ಬಂದಿರಲಿಲ್ಲವೆಂದು ಕಾಣುತ್ತದೆ.

ಬೀಸುಕಲ್ಲಿನ ಪದವೂ ಹಾಗೆಯೇ. ಕಾಳು ಮುಗಿಯುತ್ತ ಬಂದಂತೆ ಕಲ್ಲಿನ ಸದ್ದು ಬದಲಾಗುತ್ತದೆ, ತೋಳು ಸೋಲುತ್ತದೆ, ಪದವೂ ಅದರ ಜೊತೆ ಇಳಿಯುತ್ತದೆ. ಇವತ್ತಿನ ಪದ ಇವತ್ತಿಗೆ ಮುಗಿಯುವುದೂ ಇಲ್ಲ, ನಾಳೆ ಮತ್ತೆ ಜೋಳ ಇದ್ದೇ ಇರುತ್ತದೆ. ನಮ್ಮಲ್ಲಿ ಮನೆಯಿಂದ ಹೊರಡುವಾಗ ಯಾರೂ 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತೇವೆ. ಹೊಸ್ತಿಲಲ್ಲಿ ಅರ್ಧ ಗಂಟೆ, ಕಟ್ಟೆಯ ಮೇಲೆ ಕಾಲು ಗಂಟೆ, ಓಣಿಯ ತಿರುವಿನಲ್ಲಿ ಇನ್ನೊಮ್ಮೆ ಹಿಂದೆ ನೋಡುವುದು. ಗಂಡಸರಿಗೆ ಅದು ಹೊತ್ತುಗಳೆಯುವುದಾಗಿ ಕಂಡರೆ ಕಾಣಲಿ. ಬಂದವಳು ಹೋದಳು ಎಂಬುದು ಮನೆಗೆ ಒಮ್ಮೆಗೇ ತಾಕಬಾರದು ಎಂಬ ಕಾಳಜಿ ಅದರಲ್ಲಿದೆ.

ಇದು ನಮ್ಮದೊಂದೇ ನಾಡಿನ ಬುದ್ಧಿಯೂ ಅಲ್ಲ. ಲಂಡನ್ನಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ ಗುಸ್ತಾವ್ ಹೋಲ್ಸ್ಟ್ ಎಂಬವರು ಗ್ರಹಗಳ ಮೇಲೆ ಒಂದು ದೊಡ್ಡ ವಾದ್ಯವೃಂದದ ಕೃತಿ ರಚಿಸಿದರು. ಅದರ ಮೊದಲ ಪ್ರಯೋಗ ನಡೆದದ್ದು 1918ರಲ್ಲಿ. ಕೊನೆಯ ಗ್ರಹ ನೆಪ್ಚೂನ್. ಅಲ್ಲಿ ಹೆಂಗಸರ ಮೇಳವೊಂದು ಮಾತಿಲ್ಲದೆ ಹಾಡುತ್ತದೆ. ಮೇಳ ವೇದಿಕೆಯ ಮೇಲೆ ಇರುವುದಿಲ್ಲ, ಪಕ್ಕದ ಕೋಣೆಯಲ್ಲಿ ಇರುತ್ತದೆ. ಕೊನೆಗೆ ಆ ಕೋಣೆಯ ಬಾಗಿಲನ್ನು ಸದ್ದಾಗದಂತೆ ನಿಧಾನವಾಗಿ ಮುಚ್ಚಬೇಕೆಂದು ಹೋಲ್ಸ್ಟ್ ಬರೆದಿಟ್ಟಿದ್ದಾರೆ. ಆಗ ಹಿಡಿ ಇರಲಿಲ್ಲ, ಬಾಗಿಲೇ ಹಿಡಿ. ಒಳಗೆ ಹೆಂಗಸರು ಹಾಡುತ್ತಲೇ ಇದ್ದಾರೆ, ನಮಗೆ ಕೇಳುವುದು ನಿಂತಿದೆ ಅಷ್ಟೆ. ಇದನ್ನು ಓದಿದಾಗ ನನಗೆ ಮಲಗಿದ ಕೂಸಿನ ಕೋಣೆಯಿಂದ ಹೊರಗೆ ಬಂದು ಕದ ಮುಂದೆ ಮಾಡುವ ತಾಯಂದಿರೆಲ್ಲ ನೆನಪಾದರು.

ಜರ್ಮನಿಯ ಹ್ಯಾನೋವರ್‌ನ ಸಂಶೋಧಕರು ಇನ್ನೊಂದು ಸಂಗತಿಯನ್ನು ಅಳೆದು ನೋಡಿದ್ದಾರೆ. ಒಂದೇ ಹಾಡಿನ ಎರಡು ಮುಕ್ತಾಯಗಳನ್ನು ಕೇಳಿಸಿ, ತಾಳ ಹಾಕುತ್ತ ಕೂರಲು ಹೇಳಿದರು. ಥಟ್ಟನೆ ಮುಗಿಯುವ ಹಾಡಿನಲ್ಲಿ ಕೇಳುಗರ ಕೈ ಹಾಡಿಗಿಂತ ತುಸು ಮೊದಲೇ ನಿಂತಿತು. ಕರಗುತ್ತ ಹೋಗುವ ಹಾಡಿನಲ್ಲಿ, ಹಾಡು ಮುಗಿದು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈ ತಾಳ ಹಾಕುತ್ತಲೇ ಇತ್ತು. ಒಂದು ಸೆಕೆಂಡು ಎಂದರೆ ಎಷ್ಟು ಎನ್ನಬೇಡಿ. ಹಾಡು ಇಲ್ಲವಾದ ಮೇಲೂ ಅದನ್ನು ಒಳಗೆ ನಡೆಸಿಕೊಂಡು ಹೋದದ್ದು ಕೇಳುವವರ ಕೈ. ಮಾಸ್ತರರು ಹೇಳಿದಂತೆ ಹಗ್ಗ ಕೈಬಿಟ್ಟದ್ದು ನಿಜ. ಆದರೆ ಅದು ಬಾವಿಗೆ ಬೀಳುವುದಿಲ್ಲ, ನಮ್ಮ ಕೈಗೆ ಬರುತ್ತದೆ.

ಹಾಗೆಂದು ಕರಗುವ ಹಾಡುಗಳೆಲ್ಲ ಒಳ್ಳೆಯವು ಎಂದಲ್ಲ. ಮುಗಿಸಲು ತೋಚದೆ ಹಿಡಿ ಎಳೆದುಬಿಟ್ಟ ಹಾಡುಗಳು ಬೇಕಾದಷ್ಟಿವೆ. ಗುರುತಿಸುವುದು ಸುಲಭ. ಒಳ್ಳೆಯ ಬಾಲದಲ್ಲಿ ಏನೋ ಒಂದು ಇನ್ನೂ ನಡೆಯುತ್ತಿರುತ್ತದೆ. ಕೊಳಲು ಒಂದು ಹೊಸ ತಿರುವು ತೆಗೆದುಕೊಳ್ಳುತ್ತದೆ, ಹಾಡುವವರ ಗುನುಗು ಬೇರೆ ದಾರಿ ಹಿಡಿಯುತ್ತದೆ, ಅದೇನೆಂದು ಕಿವಿ ಮುಂದೆ ಮಾಡಿ ಹಿಂದೆ ಓಡುವಷ್ಟರಲ್ಲಿ ಕೈ ತಪ್ಪುತ್ತದೆ. ಕೆಟ್ಟ ಬಾಲದಲ್ಲಿ ಕೀಬೋರ್ಡಿನ ತಾಳ ಗಾಣದ ಎತ್ತಿನಂತೆ ಸುತ್ತುತ್ತದೆ, ಅದು ನಿಂತರೆ ಸಾಕೆನಿಸುತ್ತದೆ. ಇಂಗ್ಲೆಂಡಿನ ಬೀಟಲ್ಸ್ ತಂಡದ 1968ರ 'ಹೇ ಜೂಡ್' ಏಳು ನಿಮಿಷಕ್ಕೂ ಮಿಕ್ಕಿದ ಹಾಡು. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಬಾಲವೇ. ಆದರೂ ಬೇಸರ ಬರುವುದಿಲ್ಲ, ಏಕೆಂದರೆ ಆ ಗುಂಪಿನ ದನಿಯ ಮೇಲೆ ಒಬ್ಬನ ದನಿ ಕೊನೆಯ ತನಕ ಆಡುತ್ತಲೇ ಇರುತ್ತದೆ.

ಕರಗಲೇಬಾರದ ಹಾಡುಗಳೂ ಇವೆ. 52 ಸೆಕೆಂಡಿನ ರಾಷ್ಟ್ರಗೀತೆಯನ್ನು ಸಣ್ಣಗೆ ಮಾಡುತ್ತ ಹೋದರೆ ನಾವು ಯಾವಾಗ ಕೂರಬೇಕು? ಕನಕದಾಸರ ಕೀರ್ತನೆ ಕಾಗಿನೆಲೆಯ ಆದಿಕೇಶವನ ಹೆಸರಿಗೆ ಬಂದೇ ನಿಲ್ಲಬೇಕು. ಶರೀಫ ಸಾಹೇಬರ ಪದ ಶಿಶುನಾಳಾಧೀಶನನ್ನು ಮುಟ್ಟಲೇಬೇಕು. ಇವೆರಡೂ ನಮ್ಮ ಜಿಲ್ಲೆಯ ಊರುಗಳು ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಅಂಕಿತ ಎಂದರೆ ಸಹಿ. ಸಹಿ ಬರುವ ಮೊದಲೇ ಕರಗಿಸಿದರೆ ಅದು ಸಹಿಯಿಲ್ಲದ ಕಾಗದ. ಖಚಿತವಾದ ಮಾತು ಹೇಳಬೇಕಾದ ಹಾಡು ನಿಂತು ಹೇಳಬೇಕು. ಜೊತೆಗಿರಬೇಕಾದ ಹಾಡು ಮಾತ್ರ ಕರಗಬಹುದು.

ಈಗ ಕರಗುವ ಹಾಡುಗಳೇ ಕಡಿಮೆಯಾಗಿವೆ. ಸ್ಪಾಟಿಫೈನಂಥ ಸೇವೆಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಹಾಡಿನ ತಲೆಗೆ ಎಲ್ಲಿಲ್ಲದ ಅಲಂಕಾರ, ಬಾಲವನ್ನು ಕೇಳುವವರಿಲ್ಲ. ಕೊನೆಯ ಸಾಲು ಬರುವಷ್ಟರಲ್ಲಿ ಬೆರಳು ಮುಂದಿನ ಹಾಡಿನ ಮೇಲಿರುತ್ತದೆ. ನಮ್ಮ ಕ್ಯಾಸೆಟ್ ಅಂಗಡಿಯವನು ಇಪ್ಪತ್ತು ಸೆಕೆಂಡು ಕದ್ದ. ಈಗ ನಮ್ಮ ಇಪ್ಪತ್ತು ಸೆಕೆಂಡನ್ನು ನಾವೇ ಬಿಟ್ಟುಕೊಡುತ್ತೇವೆ.

ಅಂಗಡಿಯವನನ್ನು ಬೈಯುವ ಹಕ್ಕು ನನಗೂ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ.

1994ರಲ್ಲಿ ನನ್ನ ಮಗ ತೊಟ್ಟಿಲಲ್ಲಿದ್ದಾಗ ಒಂದು ಮಧ್ಯಾಹ್ನ ಅತ್ತೆಯ ಜೋಗುಳವನ್ನು ಟೇಪ್ ಮಾಡಿಕೊಂಡೆ. ಬೇಡವೆಂದಾರು ಎಂದು ಅವರಿಗೆ ಹೇಳಿರಲಿಲ್ಲ. ಟೇಪ್‌ರೆಕಾರ್ಡರನ್ನು ಬಾಗಿಲ ಮರೆಗೆ ಇಟ್ಟು ಗುಂಡಿ ಒತ್ತಿದೆ. ಆರು ನಿಮಿಷ ಚೆನ್ನಾಗಿ ಬಂತು. ಆಮೇಲೆ ದನಿ ಸಣ್ಣದಾಯಿತು, ಮಾತು ಹೋಯಿತು. ಹಾಡು ಮುಗಿಯಿತು, ಸುಮ್ಮನೆ ಟೇಪ್ ಯಾಕೆ ಹಾಳು ಎಂದು ನಾನು ಗುಂಡಿ ಒತ್ತಿ ನಿಲ್ಲಿಸಿಬಿಟ್ಟೆ. ಬಾಲ ಏನೆಂದು ತಿಳಿದ ಮೇಲೂ ಅದನ್ನು ಕಡಿದವಳು ನಾನು. ಇನ್ನೊಮ್ಮೆ ಮಾಡಿಕೊಂಡರಾಯಿತು ಎಂದುಕೊಂಡಿದ್ದೆ. ಧಾರವಾಡ ಜಿಲ್ಲೆ ಒಡೆದು ನಮ್ಮದು ಹಾವೇರಿ ಜಿಲ್ಲೆಯಾದ 1997ರಲ್ಲಿ ಅತ್ತೆ ತೀರಿಕೊಂಡರು.

ಆ ಕ್ಯಾಸೆಟ್ಟನ್ನು ಮಗಳು ಮೊಬೈಲಿಗೆ ಇಳಿಸಿಕೊಟ್ಟಿದ್ದಾಳೆ. ಈಗ ಅವಳ ಕೂಸನ್ನು ಮಲಗಿಸಲು ಅದನ್ನೇ ಹಚ್ಚುತ್ತೇವೆ. ಮರಿಮೊಮ್ಮಗಳಿಗೆ ಮುತ್ತಜ್ಜಿ ಆರು ನಿಮಿಷ ಹಾಡುತ್ತಾಳೆ. ಕೊನೆಯಲ್ಲಿ ನಾನು ಒತ್ತಿದ ಗುಂಡಿಯ ಸದ್ದೂ ಅದರಲ್ಲಿ ಹಾಗೇ ಇದೆ, 'ಟಕ್' ಎಂದು. ಮೊದಲ ದಿನ ಅದಕ್ಕೆ ಕೂಸು ಬೆಚ್ಚಿ ಎದ್ದಿತು, ಅದರ ತಾಯಿ ಎದ್ದ ಹಾಗೆಯೇ.

ಈಗ ನಾನು ಪಕ್ಕದಲ್ಲೇ ಕೂರುತ್ತೇನೆ. ಅತ್ತೆಯ ದನಿ ಸಣ್ಣದಾಗತೊಡಗಿದ ಕೂಡಲೇ ಮೊಬೈಲಿನ ಬದಿಯ ಗುಂಡಿಯನ್ನು ಒತ್ತಿ ಒಂದೊಂದೇ ಮೆಟ್ಟಿಲು ಇಳಿಸುತ್ತೇನೆ. 'ಟಕ್' ಬರುವ ಹೊತ್ತಿಗೆ ಏನೂ ಕೇಳುವುದಿಲ್ಲ. ಕೂಸು ಮಲಗಿರುತ್ತದೆ.