ಓದಾಕ ಬಾರದ ಅಕ್ಷರ

ಟ್ಯುನೀಸಿಯಾದ ಕಲಾವಿದ ನ್ಜಾ ಮಹ್ದಾವಿ 1937ರಲ್ಲಿ ಹುಟ್ಟಿದವರು. ಅರಬ್ಬಿ ಅಕ್ಷರದ ಬಳುಕು ಹಿಡಿದು ಕಾಗದ, ತೊಗಲಿನ ಮೇಲೆ ಚಿತ್ರ ಬರೆದವರು. ಅರಬ್ಬಿ ಬಲ್ಲವರಿಗೂ ಅದನ್ನು ಓದಾಕ ಬರೂದಿಲ್ಲ. ಶಬ್ದ ಕೂಡದಂಗ ಬೇಕಂತಲೇ ಬರೆದದ್ದು.

ವಾಚನಾಲಯದಾಗ ಮಾಸ್ತರರು ಆ ಚಿತ್ರ ತೋರಿಸಿದಾಗ ಮಂದಿ ‘ಇದರ ಅರ್ಥ ಏನ್ರೀ?’ ಅಂದರು. ನಾನು ಗೀಗೀ ಹಾಡವ. ‘ಗೀ ಗೀ’ ಅನ್ನೂದಕ್ಕ ಅರ್ಥ ಎಲ್ಲೈತಿ? ಅದಿಲ್ಲದ ನಮ್ಮ ಪದ ಮ್ಯಾಲೆ ಏಳೂದಿಲ್ಲ.

ಬಯಲು ಬಿಟ್ಟಲ್ಲಿ ಅವರ ಗೆರೆ ಉಸಿರಾಡತೈತಿ. ಅಂಚಿನ ತನಕ ತುಂಬಿದ ಚಿತ್ರದಾಗ ನನಗ ಕಣ್ಣು ದಣೀತು, ದಮ್ಮು ಬಿಡದ ಹಾಡಿನಂಗ.

ಒಂದು ಮಾತು ಚುಚ್ಚಿತು. ಅವರು ಬಲ್ಲ ಅಕ್ಷರವನ್ನೇ ಗೆರೆ ಮಾಡಿದರು. ಮರಾಠಿ ಸಾಲಿಗೆ ಹೋಗೂ ನನ್ನ ಮೊಮ್ಮಗನಿಗೆ ಕನ್ನಡ ಕಲಿಯೂ ಮೊದಲೇ ಗೆರೆಯಾಗೈತಿ. ಅವರದು ಕಲೆ, ಇದು ನಮ್ಮ ತಪ್ಪು. ದೀಪಾವಳಿ ಸೂಟಿಯಾಗ ಅವನನ್ನ ಇಲ್ಲಿಗೆ ಕರಕೊಂಡು ಬರ್ತೀನಿ.